ಮೆಜೆಸ್ಟಿಕ್‌ಗೊಂದು ಕಾಮಾ, ಕಾಡುಗೋಡಿಗೊಂದು ಬ್ರಾಕೆಟ್

ನಮ್ಮ ಟೀಮಿಗೆ ಹೊಸದಾಗಿ ಸೇರಿದ ಪುಣೆಯ ಹುಡುಗಿಯೊಬ್ಬಳು ಊಟದ ಹೊತ್ತಿನಲ್ಲಿ ಒಂದು ಪ್ರಶ್ನೆ ಕೇಳಿದಳು. ಹಿಂದಿನ ರಾತ್ರಿಯ ಬಸ್ಸಿಗೆ ಊರಿಂದ ಹೊರಟು ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದಿದ್ದಳಂತೆ. "ಎಲ್ರೂ ಮೆಜೆಸ್ಟಿಕ್ ಮೆಜೆಸ್ಟಿಕ್ ಅಂತಾರೆ. ಬೋರ್ಡಲ್ಲಿ ನೋಡಿದ್ರೆ ಕೆಂಪೇಗೌಡ ಅಂತಿದೆ. ಅಲ್ಲಿ ಮೆಜೆಸ್ಟಿಕ್ ಆಗಿರೋದು ಅಂತ ಏನಿದೆ?"

ಟೇಬಲ್ಲಿನ ಸುತ್ತ ಆರು ಜನ ಇದ್ವಿ, ಅದರಲ್ಲಿ ನಾಲ್ಕು ಜನ ಕನ್ನಡದವರು. ಒಬ್ಬ "ಹಳೇ ಹೋಟೆಲ್ ಹೆಸರು" ಅಂದ. ಇನ್ನೊಬ್ಬ "ಬ್ರಿಟಿಷರು ಇಟ್ಟಿದ್ದು" ಅಂದ. ಬ್ರಿಟಿಷರ ತಲೆಗೆ ಕಟ್ಟಿದರೆ ಬೆಂಗಳೂರಿನಲ್ಲಿ ಯಾರೂ ಎದುರಾಡುವುದಿಲ್ಲ. ನನಗೆ ಉತ್ತರದ ಒಂದು ತುಂಡು ಮಾತ್ರ ಗೊತ್ತಿತ್ತು: ಅಲ್ಲಿ ಮೆಜೆಸ್ಟಿಕ್ ಅಂತ ಒಂದು ಟಾಕೀಸ್ ಇತ್ತು. ಅಷ್ಟು ಹೇಳಿ ಮೊಸರನ್ನ ಮುಗಿಸಿದೆ. ಆದರೆ ಸಂಜೆ ಮೆಟ್ರೋದಲ್ಲಿ ಕೂತಾಗ ಅದೇ ಪ್ರಶ್ನೆ ಮತ್ತೆ ಬಂತು. ಒಂದು ಸಿನೆಮಾ ಟಾಕೀಸ್ ತನ್ನ ಹೆಸರನ್ನು ಇಡೀ ಒಂದು ಪ್ರದೇಶಕ್ಕೆ ಅಂಟಿಸಿ, ತಾನು ಕಾಣೆಯಾಗಿದೆ. ಊರು ಕಟ್ಟಿಸಿದವರ ಹೆಸರು ದೊಡ್ಡ ಅಕ್ಷರದ ಬೋರ್ಡಿನಲ್ಲಿದ್ದರೂ ಜನ ಹೇಳುವುದು ಟಾಕೀಸಿನ ಹೆಸರನ್ನೇ. ಇದು ಹೇಗಾಯಿತು?

ಮೊದಲು ಆ ಜಾಗದ ಕತೆ. ಇವತ್ತು ಬಿಎಂಟಿಸಿ ಬಸ್ಸುಗಳು ಸಾಲಾಗಿ ನಿಲ್ಲುವ ಜಾಗ ಹಿಂದೆ ಕೆರೆ. ಹೆಸರು ಧರ್ಮಾಂಬುಧಿ. ಕೆಂಪೇಗೌಡರು 16ನೇ ಶತಮಾನದಲ್ಲಿ ಪೇಟೆ ಕಟ್ಟಿದ ಕಾಲದ್ದು ಅಂತ ಹೇಳುತ್ತಾರೆ. ಪೇಟೆಯ ಜನ ಕುಡಿಯುತ್ತಿದ್ದ ನೀರಿನಲ್ಲಿ ಒಂದು ಪಾಲು ಇದರದು. 1890ರ ದಶಕದಲ್ಲಿ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂತು. ನೀರು ನಲ್ಲಿಯಲ್ಲಿ ಬರುವಾಗ ಕೆರೆಯನ್ನು ಯಾರು ನೋಡಿಕೊಳ್ಳುತ್ತಾರೆ? ನಿಧಾನಕ್ಕೆ ಕೆರೆ ಬತ್ತಿತು, ಕೆರೆಯಂಗಳ ಮೈದಾನವಾಯಿತು, ಅದಕ್ಕೆ ಸುಭಾಷ್‌ನಗರ ಅನ್ನುವ ಹೆಸರು ಬಂತು. ಆಮೇಲೆ ಬಸ್ ನಿಲ್ದಾಣ, ಅದಕ್ಕೆ ಕೆಂಪೇಗೌಡರ ಹೆಸರು. ಬಸ್ ನಿಲ್ದಾಣದ ಪಕ್ಕದ ರಸ್ತೆಯನ್ನು ಈಗಲೂ ಟ್ಯಾಂಕ್ ಬಂಡ್ ರೋಡ್ ಅನ್ನುತ್ತಾರೆ. ಬಂಡ್ ಅಂದರೆ ಕೆರೆ ಏರಿ. ಕೆರೆ ಹೋಗಿದೆ, ಏರಿ ಹೋಗಿದೆ, ಏರಿಯ ಹೆಸರು ಮಾತ್ರ ಉಳಿದಿದೆ.

ಅಂದರೆ ಒಂದೇ ಜಾಗಕ್ಕೆ ಧರ್ಮಾಂಬುಧಿ, ಸುಭಾಷ್‌ನಗರ, ಕೆಂಪೇಗೌಡ ಅಂತ ಮೂರು ಗೌರವದ ಹೆಸರುಗಳಿದ್ದವು. ಮೂರನ್ನೂ ಬಿಟ್ಟು ಜನ ಹಿಡಿದುಕೊಂಡದ್ದು ನಾಲ್ಕನೆಯದನ್ನು. ಆ ಹೆಸರು ಆಮೇಲೆ ಬೆಳೆದ ಪರಿ ನೋಡಿ: 2002ರಲ್ಲಿ ಬಂದ ದರ್ಶನ್ ಸಿನೆಮಾದ ಹೆಸರೇ 'ಮೆಜೆಸ್ಟಿಕ್'. ಟಾಕೀಸು ಪ್ರದೇಶಕ್ಕೆ ಹೆಸರು ಕೊಟ್ಟಿತು, ಪ್ರದೇಶ ತಿರುಗಿ ಸಿನೆಮಾಕ್ಕೆ ಹೆಸರು ಕೊಟ್ಟಿತು. ಸಾಲ ಬಡ್ಡಿ ಸಮೇತ ತೀರಿದ ಹಾಗೆ.

ಟಾಕೀಸೇ ಯಾಕೆ ಗೆದ್ದಿತು ಅನ್ನುವುದಕ್ಕೆ ನನಗೆ ಕಾಣುವ ಮೊದಲ ಕಾರಣ ಸರಳ. ಅದು ಕಣ್ಣಿಗೆ ಬೀಳುತ್ತಿತ್ತು. ಇಡೀ ಬೀದಿಯಲ್ಲಿ ದೀಪ, ಬಣ್ಣದ ಪೋಸ್ಟರು, ನಟರ ಆಳೆತ್ತರದ ಕಟೌಟು ಇದ್ದ ಕಟ್ಟಡ ಅದೊಂದೇ. ಓದಲು ಬಾರದವರಿಗೂ ಅದು ಗುರುತು. "ಟಾಕೀಸ್ ಮುಂದೆ ನಿಂತಿರು, ಬರ್ತೀನಿ" ಅಂದರೆ ಊರಿಗೆ ಹೊಸಬನಾದವನೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ರಾಜಾಜಿನಗರದ ನವರಂಗ್, ಚಾಮರಾಜಪೇಟೆಯ ಉಮಾ, ಜಯನಗರದ ನಂದಾ ಹೀಗೆ ಬಸ್ ಸ್ಟಾಪಿನ ಹೆಸರಾದ ಟಾಕೀಸುಗಳು ಎಷ್ಟೋ. ನಂದಾ ಟಾಕೀಸು ಕೆಡವಿ ವರ್ಷಗಳೇ ಆದವು. "ನಂದಾದಲ್ಲಿ ಇಳೀತೀನಿ" ಅನ್ನುವವರು ಇನ್ನೂ ಇದ್ದಾರೆ. ಅವರಲ್ಲಿ ಎಷ್ಟೋ ಜನ ಅಲ್ಲಿ ಒಂದು ಸಿನೆಮಾವನ್ನೂ ನೋಡಿದವರಲ್ಲ.

ಎರಡನೆಯ ಕಾರಣ ಕಂಡಕ್ಟರು. ಆಡುಹೆಸರುಗಳ ಇತಿಹಾಸ ಬರೆಯುವುದಾದರೆ ಮೊದಲ ಅಧ್ಯಾಯ ಅವರಿಗೇ ಸಲ್ಲಬೇಕು. ಫುಟ್‌ಬೋರ್ಡಿನ ಮೇಲೆ ನಿಂತು, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು, ಟ್ರಾಫಿಕ್ಕಿನ ಸದ್ದನ್ನು ಮೀರಿಸಿ ಕೂಗಬೇಕು. "ಕೆಂಪೇಗೌಡ ಬಸ್ ನಿಲ್ದಾಣ" ಅಂತ ಒಮ್ಮೆ ಕೂಗಿ ನೋಡಿ. ಮುಗಿಸುವಷ್ಟರಲ್ಲಿ ಬಸ್ಸು ಮುಂದಿನ ಸಿಗ್ನಲ್ಲಿಗೆ ಹೋಗಿರುತ್ತದೆ. ಈಗ "ಮೆಜೆಸ್ಟಿಕ್ ಮೆಜೆಸ್ಟಿಕ್ ಮೆಜೆಸ್ಟಿಕ್" ಅಂತ ಕೂಗಿ. ಬಾಯಿಗೆ ತಾನಾಗೇ ಒಂದು ತಾಳ ಬರುತ್ತದೆ. ಬಾಯಲ್ಲಿ ಉರುಳದ ಹೆಸರು ಬೀದಿಯಲ್ಲಿ ಬಾಳುವುದಿಲ್ಲ.

ಮೂರನೆಯದು ನನಗೆ ತಡವಾಗಿ ಹೊಳೆದದ್ದು. ಗೌರವಕ್ಕೆ ಇಟ್ಟ ಹೆಸರು ಒಂದೇ ಕಡೆ ನಿಲ್ಲುವುದಿಲ್ಲ. ಕೆಂಪೇಗೌಡರ ಮೇಲೆ ಪ್ರೀತಿ ಜಾಸ್ತಿಯಾದಷ್ಟೂ ಅವರ ಹೆಸರಿನ ಜಾಗಗಳು ಜಾಸ್ತಿಯಾದವು. ಕೆಂಪೇಗೌಡ ರಸ್ತೆ, ಕೆಂಪೇಗೌಡ ಬಸ್ ನಿಲ್ದಾಣ, 2013ರಿಂದ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ, ನಾಡಪ್ರಭು ಕೆಂಪೇಗೌಡ ಬಡಾವಣೆ, ಮೆಟ್ರೋ ನಿಲ್ದಾಣ. ಆಟೋ ಹತ್ತಿ "ಕೆಂಪೇಗೌಡಕ್ಕೆ ಹೋಗ್ಬೇಕು" ಅಂದರೆ ಡ್ರೈವರ್ ತಿರುಗಿ "ಯಾವ್ದು ಸಾರ್?" ಅನ್ನಲೇಬೇಕು. ಮೆಜೆಸ್ಟಿಕ್ ಒಂದೇ. ದಾರಿ ಕೇಳುವವನಿಗೆ ಬೇಕಾದದ್ದು ಒಂದೇ ಜಾಗಕ್ಕೆ ಒಂದೇ ಹೆಸರು. ಅವನು ಕೆಂಪೇಗೌಡರಿಗೆ ಅಗೌರವ ತೋರಿಸುತ್ತಿಲ್ಲ, ಅವನಿಗೆ ಬಸ್ಸು ತಪ್ಪಬಾರದು, ಅಷ್ಟೇ.

ಇದನ್ನು ಬೆಂಗಳೂರಿನವರ ಚಾಳಿ ಅನ್ನಬೇಡಿ. ಮಂಗಳೂರಿಗೆ ಹೋದರೆ ಅಲ್ಲಿನ ಸಿಟಿ ಬಸ್ಸುಗಳ ಹಣೆಯ ಮೇಲೆ 'ಸ್ಟೇಟ್ ಬ್ಯಾಂಕ್' ಅಂತ ಬರೆದಿರುತ್ತದೆ. ಹೊಸದಾಗಿ ಹೋದವರು ಇದೇನು ಇಷ್ಟೊಂದು ಬಸ್ಸು ಬ್ಯಾಂಕಿನವರದ್ದಾ ಅಂದುಕೊಳ್ಳಬೇಕು. ಅದು ಸಿಟಿ ಬಸ್ ನಿಲ್ದಾಣದ ಹೆಸರು, ಹತ್ತಿರದಲ್ಲಿ ಸ್ಟೇಟ್ ಬ್ಯಾಂಕ್ ಇದೆ ಅನ್ನುವುದೇ ಕಾರಣ. ಅದೇ ಊರಿನಲ್ಲಿ ಅಂಬೇಡ್ಕರ್ ವೃತ್ತ ಅಂತ ಒಂದಿದೆ, ಜನ 'ಜ್ಯೋತಿ' ಅನ್ನುತ್ತಾರೆ. ಅದೂ ಒಂದು ಟಾಕೀಸು. ಈ ಅಂಬೇಡ್ಕರ್-ಜ್ಯೋತಿ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದು ಅಷ್ಟು ಸುಲಭಕ್ಕೆ ನಕ್ಕು ಬಿಡುವಂಥದ್ದಲ್ಲ.

ಸರಕಾರ ಹೆಸರಿಡುತ್ತದೆ, ಜನ ಹೆಸರು ಕರೆಯುತ್ತಾರೆ. ಈ ಎರಡರ ನಡುವಿನ ಜಗಳದ ಒಳ್ಳೇ ಉದಾಹರಣೆ ಕಬ್ಬನ್ ಪಾರ್ಕ್. 1870ರಲ್ಲಿ ಆ ಉದ್ಯಾನ ಶುರುವಾದಾಗ ಅದಕ್ಕೆ ಇದ್ದದ್ದು ಮೀಡ್ ಅನ್ನುವ ಅಧಿಕಾರಿಯ ಹೆಸರು. ಆಮೇಲೆ ಕಬ್ಬನ್ ಹೆಸರು ಬಂತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಸಮಯದಲ್ಲಿ, ಅದನ್ನು ಶ್ರೀ ಚಾಮರಾಜೇಂದ್ರ ಉದ್ಯಾನ ಅಂತ ಮಾಡಿದರು. ಅಂದರೆ ಆ ಪಾರ್ಕಿಗೆ ನಮ್ಮ ರಾಜರ ಹೆಸರು ಬಂದು ಹತ್ತಿರ ಹತ್ತಿರ ನೂರು ವರ್ಷ. ಭಾನುವಾರ ಬೆಳಿಗ್ಗೆ ನಾಯಿ ಕರೆದುಕೊಂಡು "ಚಾಮರಾಜೇಂದ್ರ ಉದ್ಯಾನಕ್ಕೆ ಹೋಗಿ ಬರ್ತೀನಿ" ಅಂದವರನ್ನು ನೀವು ಕೇಳಿದ್ದೀರಾ?

ಇದರಲ್ಲಿ ಬ್ರಿಟಿಷ್ ಪ್ರೇಮ ಏನೂ ಇಲ್ಲ. ಕಬ್ಬನ್ ಅಂದಾಗ ನಮ್ಮ ತಲೆಯಲ್ಲಿ ಯಾವ ಸಾಹೇಬನ ಮುಖವೂ ಬರುವುದಿಲ್ಲ. ಬಿದಿರು ಮೆಳೆ ಬರುತ್ತದೆ, ಮಕ್ಕಳ ಪುಟಾಣಿ ರೈಲು ಬರುತ್ತದೆ, ಕಾಲೇಜು ದಿನಗಳಲ್ಲಿ ಕದ್ದು ಕೂತ ಕಲ್ಲುಬೆಂಚು ಬರುತ್ತದೆ. ಬಾಯಿಂದ ಬಾಯಿಗೆ ಸವೆದೂ ಸವೆದೂ ಹೆಸರಿನೊಳಗಿದ್ದ ಮನುಷ್ಯ ಉದುರಿ ಹೋಗುತ್ತಾನೆ, ಜಾಗ ಮಾತ್ರ ಉಳಿಯುತ್ತದೆ. ಹಾಗಾಗಿ ಆಡುಹೆಸರು ಯಾರಿಗೂ ಸ್ಮಾರಕವಲ್ಲ. ಅದರಿಂದಲೇ ಅದಕ್ಕೆ ಆಯುಷ್ಯ ಜಾಸ್ತಿ.

ಗಣ್ಯರ ಹೆಸರನ್ನು ಜನ ಒಪ್ಪಿಕೊಂಡಾಗಲೂ ಅದನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಸೌತ್ ಪರೇಡ್ ಅನ್ನುತ್ತಿದ್ದ ರಸ್ತೆಗೆ 1948ರಲ್ಲಿ ಮಹಾತ್ಮಾ ಗಾಂಧಿ ರಸ್ತೆ ಅಂತ ಹೆಸರಿಟ್ಟರು. ಇಂದು ಅದು ಎಂ.ಜಿ. ರೋಡ್. ಬಿಯರ್ ಕುಡಿಯಲು ಹೋಗುವವನಿಗೆ ಎಂ.ಜಿ. ಅನ್ನುವ ಎರಡಕ್ಷರದೊಳಗೆ ಯಾರಿದ್ದಾರೆ ಅಂತ ನೆನಪಾಗದಿರುವುದೇ ಒಳ್ಳೆಯದು. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಹೆಸರಿನ ರಸ್ತೆ ಬೋರ್ಡಿನಲ್ಲಿ ಕೆ.ಎಚ್. ರಸ್ತೆ, ಜನರ ಬಾಯಲ್ಲಿ ಡಬಲ್ ರೋಡ್. ಆರ್.ಟಿ. ನಗರದೊಳಗೆ ರವೀಂದ್ರನಾಥ ಟ್ಯಾಗೋರರು ಇದ್ದಾರೆ ಅಂತ ಅಲ್ಲೇ ಹತ್ತು ವರ್ಷ ಬಾಡಿಗೆಗಿದ್ದ ನನ್ನ ಸ್ನೇಹಿತನಿಗೆ ನಾನು ಹೇಳಬೇಕಾಯಿತು. ಅವನು ಆರ್‌ಟಿಒ ಆಫೀಸು ಇರಬೇಕು ಅಂದುಕೊಂಡಿದ್ದ.

ಇನ್ನು ಕೆಲವು ಇನಿಷಿಯಲ್ಲುಗಳ ಒಳಗೆ ಮನುಷ್ಯರಲ್ಲ, ಊರುಗಳೇ ಇವೆ. ಬಿಟಿಎಂ ಲೇಔಟ್ ಅಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಹಳ್ಳಿ, ಮೂರು ಅಕ್ಷರ. ಎಚ್ಎಸ್ಆರ್ ಅಂದರೆ ಹೊಸೂರು-ಸರ್ಜಾಪುರ ರಸ್ತೆ. ಮೊದಲನೆಯದರಲ್ಲಿ ಹಳ್ಳಿಗಳಿಗೆ ಒಂದೊಂದು ಅಕ್ಷರವಾದರೂ ಸಿಕ್ಕಿತು. ಎರಡನೆಯದರಲ್ಲಿ ಆ ನೆಲದಲ್ಲಿದ್ದ ಹಳ್ಳಿಗಳಿಗೆ ಅದೂ ಇಲ್ಲ. ಅಲ್ಲಿ ಹೆಸರು ಸಿಕ್ಕಿರುವುದು ಪಕ್ಕದಲ್ಲಿ ಹಾದು ಹೋಗುವ ರಸ್ತೆಗೆ.

ಆಡುಹೆಸರುಗಳ ಪರವಾಗಿ ನಾನು ಸುಲಭಕ್ಕೆ ವಾದ ಮಾಡಬಲ್ಲೆ. ಯಾಕೆಂದರೆ ಅವು ಸ್ಮಾರಕ ಕಟ್ಟುವ ಸಮಿತಿಗಳಿಗೆ ಹೊಳೆಯದ ವಿಷಯಗಳನ್ನು ಉಳಿಸಿಕೊಂಡಿವೆ. 1884ರಲ್ಲಿ ಶುರುವಾದ ಬೆಂಗಳೂರು ಉಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ ಅನ್ನುವ ಮೂರು ಮೊಳದ ಹೆಸರಿನ ಕಾರ್ಖಾನೆಯನ್ನು ಆಮೇಲೆ ಬಿನ್ನಿ ಕಂಪೆನಿ ತೆಗೆದುಕೊಂಡಿತು. ಕಾರ್ಮಿಕರ ಬಾಯಲ್ಲಿ ಅದು ಬಿನ್ನಿ ಮಿಲ್. ಈ ಊರಿನ ಎಷ್ಟೋ ಮನೆಗಳ ಒಲೆ ಉರಿದದ್ದು ಆ ಮಿಲ್ಲಿನ ಸಂಬಳದಲ್ಲಿ. ಮಿಲ್ಲು ಮುಚ್ಚಿತು, ಆ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಆ ರಸ್ತೆಯಲ್ಲಿ ಪಾಳಿ ಕೆಲಸಕ್ಕೆ ನಡೆದು ಹೋದವರಿಗೆ ಯಾರೂ ಪ್ರತಿಮೆ ಮಾಡಿಸಲಿಲ್ಲ. 'ಬಿನ್ನಿ ಮಿಲ್' ಅಂತ ಬಸ್ಸಿನಲ್ಲಿ ಕೂಗುತ್ತಾರಲ್ಲ, ಅವರಿಗೆ ಸಿಕ್ಕಿದ್ದು ಅಷ್ಟೇ.

ಮೈಕೋ ಲೇಔಟ್ ಕೂಡ ಹಾಗೇ. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿತು. ಲೇಔಟು ಬದಲಿಸಿಕೊಳ್ಳಲಿಲ್ಲ. ಅದೇ 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿ ಕಡೆಗೆ ಹೋಯಿತು. ಏರ್‌ಪೋರ್ಟ್ ರೋಡಿನವರು ಏನು ಮಾಡಿದರು? ಹೆಸರು ಬಿಡಲಿಲ್ಲ, ಹಿಂದೆ ಒಂದು 'ಹಳೇ' ಸೇರಿಸಿಕೊಂಡರು. ಸೆಂಟ್ರಲ್ ಸಿಲ್ಕ್ ಬೋರ್ಡ್ ಅಂದರೆ ರೇಷ್ಮೆ ಉದ್ಯಮಕ್ಕೆಂದು ಸ್ವಾತಂತ್ರ್ಯದ ಹೊಸ್ತಿಲಲ್ಲೇ ಕಾಯಿದೆ ಮಾಡಿ ಕಟ್ಟಿದ ಸಂಸ್ಥೆ. ನಮಗೆ ಸಿಲ್ಕ್ ಬೋರ್ಡ್ ಅಂದರೆ ರೇಷ್ಮೆಯ ನೆನಪೇ ಬರುವುದಿಲ್ಲ. ಕಾರಿನೊಳಗೆ ಕೂತು ಕಳೆದ ಸಂಜೆಗಳ ನೆನಪು ಬರುತ್ತದೆ. ಬಹುಶಃ ಇನ್ನು ಐವತ್ತು ವರ್ಷಕ್ಕೆ ಯಾರಾದರೂ ನಮ್ಮ ಪೀಳಿಗೆಯ ಇತಿಹಾಸ ಬರೆದರೆ, ನಾವು ಬಿಟ್ಟುಹೋದ ಒಂದು ಶಬ್ದ ಅದೇ ಆಗಿರುತ್ತದೆ.

ಊರಿನ ಹೆಸರೇ ತಗೊಳ್ಳಿ. ವೀರಬಲ್ಲಾಳ ರಾಜನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು, ಅದರಿಂದ ಬೆಂಗಳೂರು ಅನ್ನುವ ಕತೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ಒಂದು ವೀರಗಲ್ಲಿನಲ್ಲಿ 'ಬೆಂಗಳೂರು ಕಾಳಗ'ದ ಪ್ರಸ್ತಾಪವಿದೆ. ಅದು 9ನೇ ಶತಮಾನದ ಕೊನೆಯ ಹೊತ್ತಿನದು, ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಹಳೆಯದು. ಅಂದರೆ ಮುದುಕಿ ಕಾಳು ಬೇಯಿಸುವ ಮೊದಲೇ ಊರಿಗೆ ಹೆಸರಿತ್ತು. ಹೆಸರು ಮೊದಲು ಬರುತ್ತದೆ, ಕತೆ ಆಮೇಲೆ ಬರುತ್ತದೆ. ಇಂಗ್ಲಿಷಿನಲ್ಲಿ ಅಧಿಕೃತವಾಗಿ 'ಬೆಂಗಳೂರು' ಆದದ್ದು 2014ರ ನವೆಂಬರ್ 1ರಂದು. ಕನ್ನಡದವರಿಗೆ ಅದೊಂದು ಸುದ್ದಿಯೇ ಆಗಿರಲಿಲ್ಲ. ಅವರು ಅದಕ್ಕೆ ಮುಂಚೆ ಸಾವಿರ ವರ್ಷದಿಂದ ಹಾಗೇ ಕರೆಯುತ್ತಿದ್ದರು. ಜನರ ಬಾಯಿ ಗೆದ್ದ ಪಂದ್ಯಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡದು.

ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದರೆ ಖುಷಿಯ ಲೇಖನವಾಗುತ್ತಿತ್ತು. ಜನ ಸರಿ, ಸರಕಾರ ದಡ್ಡ, ಜೈ ಮೆಜೆಸ್ಟಿಕ್. ಆದರೆ ಅದೇ ವಾರ ಮೆಟ್ರೋದಲ್ಲಿ ಒಬ್ಬರು ತಾತ ಸಿಕ್ಕಿದರು.

ನೇರಳೆ ಮಾರ್ಗ, ಮೆಜೆಸ್ಟಿಕ್‌ನಿಂದ ಪೂರ್ವದ ಕಡೆಗೆ. ಬಿಳಿ ಪಂಚೆ, ತೋಳಿಗೆ ಬಟ್ಟೆ ಚೀಲ. ಪಕ್ಕದಲ್ಲಿ ಕೂತು ಮಾತಿಗೆಳೆದರು.

"ಯಾವೂರಪ್ಪಾ ನಿಂದು?"

"ಹಾಸನದ ಕಡೆ ತಾತ. ಈಗ ವೈಟ್‌ಫೀಲ್ಡ್‌ನಲ್ಲಿ ಮನೆ."

"ವೈಟ್‌ಫೀಲ್ಡಲ್ಲಿ ಎಲ್ಲಿ?"

"ನಲ್ಲೂರಹಳ್ಳಿ ಹತ್ರ."

"ಹಂಗಾದ್ರೆ ನಲ್ಲೂರಳ್ಳಿ ಅನ್ನು. ವೈಟ್‌ಫೀಲ್ಡು ಅಂತ ಯಾಕಂತೀಯ?"

ಬಯ್ದದ್ದಲ್ಲ, ಲೆಕ್ಕದಲ್ಲಿ ತಪ್ಪು ಹುಡುಕಿದ ಮೇಷ್ಟ್ರ ಹಾಗೆ ಹೇಳಿದರು. ಅವರದು ಕಾಡುಗೋಡಿಯಂತೆ. "ನಾವು ಹುಡುಗ್ರಾಗಿದ್ದಾಗ ವೈಟ್‌ಫೀಲ್ಡು ಅಂದ್ರೆ ಆ ಸರ್ಕಲ್ಲು, ಚರ್ಚು, ಹೆಂಚಿನ ಮನೆಗಳು. ಅಷ್ಟೇಯ. ಈಗ ನೋಡು, ನಮ್ಮೂರ್ನ ಬ್ರಾಕೆಟ್ ಒಳಗೆ ಹಾಕವ್ರೆ."

ಅವರು ಬಾಗಿಲಿನ ಮೇಲಿದ್ದ ನಿಲ್ದಾಣಗಳ ಪಟ್ಟಿ ತೋರಿಸಿದರು. ಕೊನೆಯ ನಿಲ್ದಾಣ: ವೈಟ್‌ಫೀಲ್ಡ್ (ಕಾಡುಗೋಡಿ). ಈ ಮಾರ್ಗ ಅಲ್ಲಿಯವರೆಗೆ ಪೂರ್ತಿ ಓಡಲು ಶುರುವಾದದ್ದು 2023ರ ಅಕ್ಟೋಬರಿನಲ್ಲಿ. ಆವತ್ತಿನಿಂದ ದಿನಾ ಆ ಹೆಸರು ನೋಡುತ್ತಿದ್ದೆ. ಬ್ರಾಕೆಟ್ ಮಾತ್ರ ಕಂಡಿರಲಿಲ್ಲ.

ಮನೆಗೆ ಬಂದು ಓದಿದೆ. 1882ರಲ್ಲಿ ಚಾಮರಾಜೇಂದ್ರ ಒಡೆಯರು 3,900 ಎಕರೆ ಜಮೀನನ್ನು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೊಟ್ಟರು. ಇತ್ತ ಪೂರ್ತಿ ಬಿಳಿಯರೂ ಅಲ್ಲ, ಅತ್ತ ಪೂರ್ತಿ ಇಲ್ಲಿಯವರೂ ಅಲ್ಲ ಅನ್ನಿಸಿಕೊಂಡಿದ್ದ ಜನ ಬೇಸಾಯ ಮಾಡಿಕೊಂಡು ಸ್ವಂತ ಕಾಲ ಮೇಲೆ ನಿಲ್ಲಲಿ ಅನ್ನುವುದು ಆಸೆ. ಸಂಘ ಕಟ್ಟಿದ ಡಿ.ಎಸ್. ವೈಟ್ ಹೆಸರಿನಲ್ಲಿ ಅದು ವೈಟ್‌ಫೀಲ್ಡ್ ಆಯಿತು. ನಡುವೆ ದುಂಡಗಿನ ಮೈದಾನ, ಸುತ್ತ ಮನೆಗಳು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಅನ್ನುವುದು ಆಗಿನ ನಕ್ಷೆಯೇ. ಅಂದರೆ ನಿಜವಾದ ವೈಟ್‌ಫೀಲ್ಡ್ ಒಂದು ಪುಟ್ಟ ಹಳ್ಳಿ. ನಾನು ಅಲ್ಲಿ ಇಲ್ಲ. ನಮ್ಮ ಆಫೀಸೂ ಅಲ್ಲಿ ಇಲ್ಲ.

ಅದರ ಸುತ್ತ ಇದ್ದ ಊರುಗಳೇನೂ ನಿನ್ನೆ ಮೊನ್ನೆಯವಲ್ಲ. ಪಟ್ಟಂದೂರಿನಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುವ, ಚೋಳರ ಆಳ್ವಿಕೆಯ ಕಾಲದ 11ನೇ ಶತಮಾನದ ಶಾಸನವಿದೆ. ಕಾಡುಗೋಡಿ, ಪಟ್ಟಂದೂರು, ಹಗದೂರು, ಇಮ್ಮಡಿಹಳ್ಳಿ, ಕುಂದಲಹಳ್ಳಿ, ನಲ್ಲೂರಹಳ್ಳಿ, ಹೂಡಿ. ಕೆರೆ ಬಳಿ ಒಂದೊಂದು ಊರು. ರೈಲ್ವೆಯವರು ಕಾಡುಗೋಡಿಯಲ್ಲಿರುವ ಸ್ಟೇಷನ್ನಿಗೆ ಹಿಂದೆಯೇ ವೈಟ್‌ಫೀಲ್ಡ್ ಅಂತ ಹೆಸರಿಟ್ಟಿದ್ದರು. ಆದರೂ ಊರು ಊರಾಗಿಯೇ ಇತ್ತು. ಬಸ್ಸಿನವರು ಬಿಟ್ಟುಕೊಟ್ಟಿರಲಿಲ್ಲ: ಮೆಜೆಸ್ಟಿಕ್‌ನಿಂದ ಹೊರಡುವ 335ಇ ಬಸ್ಸಿನ ಬೋರ್ಡಿನಲ್ಲಿ ಕಾಡುಗೋಡಿ ಅಂತಲೇ ಇರುತ್ತದೆ. 1990ರ ದಶಕದಲ್ಲಿ ಐಟಿಪಿಎಲ್ ಬಂತು. ಅದರ ಹಿಂದೆ ನಾವು ಬಂದೆವು. ನಮ್ಮ ಹಿಂದೆ ಬಾಡಿಗೆ ಜಾಹೀರಾತುಗಳು ಬಂದವು. ಹೂಡಿಯಲ್ಲಿ ಮನೆ ಕಟ್ಟಿದರೂ ವೈಟ್‌ಫೀಲ್ಡ್, ವರ್ತೂರಿನ ದಾರಿಯಲ್ಲಿ ಕಟ್ಟಿದರೂ ವೈಟ್‌ಫೀಲ್ಡ್. ಹಳ್ಳಿ ಅಂತ ಕೊನೆಯಾಗುವ ಹೆಸರಿನಲ್ಲಿ ಎರಡು ಬೆಡ್‌ರೂಮಿನ ಮನೆಗೆ ಅಷ್ಟು ಬಾಡಿಗೆ ಕೇಳುವುದು ಕಷ್ಟ.

ಇದೂ ಆಡುಹೆಸರೇ. ಯಾವ ಸಮಿತಿಯೂ ಹೂಡಿಯನ್ನು ವೈಟ್‌ಫೀಲ್ಡ್ ಅಂತ ಠರಾವು ಮಾಡಿಲ್ಲ. ಬಾಯಿಂದ ಬಾಯಿಗೆ ಹೋಗಿ ಆಗಿರುವುದು. ಒಂದೇ ವ್ಯತ್ಯಾಸ, ಈ ಸಲ ಬಾಯಿ ನಮ್ಮದು. ಮೆಜೆಸ್ಟಿಕ್ ಅಂತ ಮೊದಲು ಕರೆದವರು ದಾರಿ ಗೊತ್ತಿಲ್ಲದೆ ಊರಿಗೆ ಬಂದವರು, ಮೂಟೆ ಹೊತ್ತು ಬಸ್ಸು ಹುಡುಕುತ್ತಿದ್ದವರು, ಅವರನ್ನು ಹತ್ತಿಸಿಕೊಂಡ ಕಂಡಕ್ಟರುಗಳು. ವೈಟ್‌ಫೀಲ್ಡನ್ನು ಹತ್ತು ಹಳ್ಳಿಗಳ ಮೇಲೆ ಎಳೆದು ಹೊದಿಸಿದವರು ನಾವು. ನಮಗೆ ದಾರಿ ಗೊತ್ತಿತ್ತು, ಕೈಯಲ್ಲಿ ಮ್ಯಾಪ್ ಇತ್ತು. ಹೆಂಡತಿಯ ತವರಿನವರು "ಮನೆ ಎಲ್ಲಿ?" ಅಂತ ಕೇಳಿದಾಗ ನಲ್ಲೂರಹಳ್ಳಿ ಅನ್ನುವುದಕ್ಕಿಂತ ವೈಟ್‌ಫೀಲ್ಡ್ ಅನ್ನುವುದು ನನಗೆ ಹಿತವಾಗಿ ಕೇಳಿಸುತ್ತಿತ್ತು. ಅದಕ್ಕೆ ಹಾಗೆ ಹೇಳುತ್ತಿದ್ದೆ. ಅಷ್ಟು ಚಿಕ್ಕ ಕಾರಣ. ಒಬ್ಬನ ಚಿಕ್ಕ ಕಾರಣದಿಂದ ಏನೂ ಆಗುವುದಿಲ್ಲ. ಲಕ್ಷ ಜನರ ಚಿಕ್ಕ ಕಾರಣ ಸೇರಿದರೆ ಸಾವಿರ ವರ್ಷದ ಊರು ಬ್ರಾಕೆಟ್ಟಿನೊಳಗೆ ಹೋಗುತ್ತದೆ.

ಈಗ ಮಂಗಳೂರಿನ ವೃತ್ತಕ್ಕೆ ವಾಪಸ್ಸು ಬರಬಹುದು. 'ಜ್ಯೋತಿ' ಅನ್ನುವುದು ಬಾಯಿಗೆ ಸುಲಭ, ಹಳೆಯ ರೂಢಿ, ಅದರಲ್ಲಿ ಕೆಟ್ಟ ಉದ್ದೇಶ ಇರಲೇಬೇಕೆಂದಿಲ್ಲ. ಆದರೆ ಅಂಬೇಡ್ಕರರ ಹೆಸರನ್ನು ಒಂದು ಊರಿನ ನಡುಮಧ್ಯದಲ್ಲಿ ಕೇಳಬೇಕು ಅಂತ ಆಸೆಪಡುವವನಿಗೆ, ದಿನಾ ಬಸ್ಸಿನಲ್ಲಿ 'ಜ್ಯೋತಿ ಜ್ಯೋತಿ' ಅಂತ ಕೂಗುವುದು ಬರೀ ದಾರಿಯ ವಿಷಯವಾಗಿ ಕೇಳಿಸುತ್ತದೆಯೇ? ಹಳ್ಳಿಗಳಲ್ಲಿ ಕೆಲವು ಕೇರಿಗಳನ್ನು ಜಾತಿ ಹಿಡಿದೇ ಕರೆಯುತ್ತಾರಲ್ಲ, ಅವೂ ಯಾರೂ ಠರಾವು ಮಾಡದ ಆಡುಹೆಸರುಗಳೇ. ಅಲ್ಲಿ ಇರುವವರು ಆ ಹೆಸರು ಇಟ್ಟುಕೊಂಡವರಲ್ಲ. ಶಾಲೆಯಲ್ಲಿ ನಾವು ಗೆಳೆಯರಿಗೆ ಇಟ್ಟ ಅಡ್ಡಹೆಸರುಗಳನ್ನು ನೆನೆಸಿಕೊಳ್ಳಿ. ಇಟ್ಟವರಿಗೆ ತಮಾಷೆ, ಹೊತ್ತವನು ಇವತ್ತಿಗೂ ಹೊತ್ತುಕೊಂಡು ಓಡಾಡುತ್ತಿರಬಹುದು. 'ಜನ ಕರೀತಾರೆ' ಅಂದಾಗ ಯಾವ ಜನ, ಯಾರನ್ನು, ಅಂತ ಕೇಳಲೇಬೇಕು.

ಹಾಗಂತ ಎಲ್ಲದಕ್ಕೂ ಕಾಯಿದೆ ಮಾಡಿ ಬಾಯಿ ತಿದ್ದಲು ಆಗುವುದಿಲ್ಲ. ಕಬ್ಬನ್ ಪಾರ್ಕು ನೂರು ವರ್ಷದಿಂದ ಅದನ್ನೇ ಹೇಳುತ್ತಿದೆ. ಬೋರ್ಡು ಬದಲಿಸಬಹುದು, ನಾಲಿಗೆ ಬದಲಿಸುವುದು ಅದರ ಯಜಮಾನನ ಕೈಯಲ್ಲಿ ಮಾತ್ರ.

ನೇರಳೆ ಮಾರ್ಗದ ಪಟ್ಟಿಯನ್ನು ಈಗ ಬೇರೆ ಕಣ್ಣಿನಿಂದ ನೋಡುತ್ತೇನೆ. ಊರ ನಡುವಿನ ಆ ದೊಡ್ಡ ನಿಲ್ದಾಣದ ಅಧಿಕೃತ ಹೆಸರು 'ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್'. ಊರು ಕಟ್ಟಿದವರ ಹೆಸರು ಮೊದಲು, ಊರಿಗೆ ಬಂದವರು ಇಟ್ಟ ಹೆಸರು ಆಮೇಲೆ, ನಡುವೆ ಒಂದು ಕಾಮಾ. ಸರಕಾರ ಸೋತು ಒಪ್ಪಿಕೊಂಡ ಹಾಗೂ ಅನ್ನಬಹುದು, ಇಬ್ಬರಿಗೂ ಜಾಗ ಕೊಟ್ಟ ಹಾಗೂ ಅನ್ನಬಹುದು. ಅದೇ ಗೆರೆಯ ತುದಿಯಲ್ಲಿ ಆ ಬ್ರಾಕೆಟ್. ಕಾಮಾ ಹಾಕಿದರೆ ಇಬ್ಬರೂ ಪಕ್ಕಪಕ್ಕ ಕೂರುತ್ತಾರೆ. ಬ್ರಾಕೆಟ್ಟಿನಲ್ಲಿ ಇರುವವರನ್ನು ಓದುವಾಗ ಬಿಟ್ಟರೂ ನಡೆಯುತ್ತದೆ.

ಪುಣೆಯ ಹುಡುಗಿಗೆ ಮಾರನೇ ದಿನ ಟಾಕೀಸು, ಕೆರೆ, ಕಂಡಕ್ಟರು ಎಲ್ಲ ಹೇಳಿದೆ. ಅವಳು ಕೇಳಿಕೊಂಡು, "ನಿಮ್ಮ ಮನೆ ಎಲ್ಲಿ?" ಅಂದಳು.

"ನಲ್ಲೂರಹಳ್ಳಿ" ಅಂದೆ.

"ಅದೆಲ್ಲಿ ಬರುತ್ತೆ?"

ಒಂದು ಕ್ಷಣ ತಡೆದೆ. "ಕುಂದಲಹಳ್ಳಿ ಆದ್ಮೇಲೆ" ಅಂದೆ. ಅವಳಿಗೆ ಅದೂ ಗೊತ್ತಿರಲಿಲ್ಲ. ಕೊನೆಗೆ ಫೋನು ತೆಗೆದು ಮ್ಯಾಪಿನಲ್ಲಿ ತೋರಿಸಬೇಕಾಯಿತು. ವೈಟ್‌ಫೀಲ್ಡ್ ಅಂದಿದ್ದರೆ ಎರಡು ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಕಾಫಿ ಸ್ವಲ್ಪ ಆರಿತು, ಅಷ್ಟೇ.